ಹಿಂಚಕ್ರದ ಪಿಕಪ್‌ಗೆ ನಾಲ್ಕೂ ಚಕ್ರದ ಚಾಲನೆ: ಮೊದಲು ಎಷ್ಟು ಚಕ್ರ ಜಾರುತ್ತವೆ ನೋಡಿ

ಪ್ರಶ್ನೆ: ನಾನು ಗದಗ ಜಿಲ್ಲೆ ರೋಣ ತಾಲ್ಲೂಕಿನ ರೈತ. ನನ್ನ ಬಳಿ ಇಸುಝು ಹೈ-ಲ್ಯಾಂಡರ್ ಪಿಕಪ್ ಇದೆ. ಚಾಲನೆ ಹಿಂದಿನ ಚಕ್ರಗಳಿಗೆ ಮಾತ್ರ. ಎಂಜಿನ್ ಕಂಪ್ಯೂಟರಿನ ಮ್ಯಾಪ್ ಬದಲಾಯಿಸಿ ಶಕ್ತಿ ಹೆಚ್ಚಿಸಿಕೊಂಡಿದ್ದೇನೆ. ಗಾಡಿ ಖಾಲಿ ಇದ್ದಾಗ ಮಳೆಯಲ್ಲಿ ಹುಬ್ಬಳ್ಳಿ ರಸ್ತೆಯ ಸಿಗ್ನಲ್‌ಗಳಲ್ಲಿ ಹಿಂಭಾಗ ಜಾರುತ್ತದೆ, ಹೊಲದ ದಾರಿಯಲ್ಲಂತೂ ಎರಿ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಅಮೆರಿಕದಲ್ಲಿ ಇಂಥ ವೇಗದ ಪಿಕಪ್‌ಗಳನ್ನು ನಾಲ್ಕೂ ಚಕ್ರಕ್ಕೆ ಬದಲಾಯಿಸುತ್ತಾರೆಂದು ನೋಡಿದ್ದೇನೆ. ನನ್ನ ಗಾಡಿಗೂ ಅದನ್ನು ಮಾಡಿಸಬಹುದೆ?

ಉತ್ತರ: ಮಾಡಿಸಬಹುದು. ಆದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದಾಗಿ ಸೇರಿಕೊಂಡಿವೆ. ಅವೆರಡಕ್ಕೂ ಒಂದೇ ಯಂತ್ರದಿಂದ ಪರಿಹಾರ ಸಿಗುವುದಿಲ್ಲವಾದ್ದರಿಂದ ಮೊದಲು ಅವುಗಳನ್ನು ಬೇರ್ಪಡಿಸಬೇಕು. ಒದ್ದೆ ಡಾಂಬರಿನ ಮೇಲೆ ಹಿಂಭಾಗ ಜಾರುವುದು ಶಕ್ತಿ ಮತ್ತು ಹಿಡಿತದ ನಡುವಿನ ಅಸಮತೋಲನ. ಎರಿ ಮಣ್ಣಿನಲ್ಲಿ ಹೂತುಕೊಳ್ಳುವುದು ಬಹುಮಟ್ಟಿಗೆ ಟೈರು ಮತ್ತು ನೆಲದ ಸಮಸ್ಯೆ. ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗೇರ್‌ಬಾಕ್ಸ್ ಮತ್ತು ಡಿಫರೆನ್ಶಿಯಲ್‌ಗಳ (ತಿರುವಿನಲ್ಲಿ ಎಡ-ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಡಬ್ಬಿ) ಕೆಲಸವನ್ನೇ ಮಾಡಿಕೊಂಡು ಬಂದವನಾಗಿ, ಈ ವ್ಯತ್ಯಾಸ ತಿಳಿಯದೆ ಲಕ್ಷಗಟ್ಟಲೆ ಸುರಿದವರನ್ನು ನಾನು ಕಂಡಿದ್ದೇನೆ.

ಲೆಕ್ಕದಿಂದಲೇ ಆರಂಭಿಸೋಣ. ನಿಮ್ಮ ಗಾಡಿಯ 1.9 ಲೀಟರ್ ಡೀಸೆಲ್ ಎಂಜಿನ್ ಕಾರ್ಖಾನೆಯಿಂದ ಬರುವಾಗಲೇ 163 ಅಶ್ವಶಕ್ತಿ ಮತ್ತು 360 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತದೆ. ಖಾಲಿ ಪಿಕಪ್‌ನ ತೂಕ ಸುಮಾರು 1,900 ಕಿಲೋ, ಅದರಲ್ಲಿ ಹಿಂದಿನ ಚಕ್ರಗಳ ಮೇಲೆ ಬೀಳುವುದು ನೂರಕ್ಕೆ 42ರಷ್ಟು ಎಂದು ಹಿಡಿಯಿರಿ. ಮೊದಲ ಗೇರು ಮತ್ತು ಕ್ರೌನ್-ಪಿನಿಯನ್ (ಡಿಫರೆನ್ಶಿಯಲ್‌ಗೆ ಬಲ ದಾಟಿಸುವ ಗೇರು ಜೋಡಿ) ಸೇರಿ ಬಲವನ್ನು ಹದಿನಾರು ಪಟ್ಟು ಹೆಚ್ಚಿಸುತ್ತವೆಂದರೆ, ದಾರಿಯಲ್ಲಿ ಸೋರಿಹೋಗುವುದನ್ನು ಕಳೆದ ಮೇಲೂ, ಎಂಜಿನ್ ಗಾಡಿಯನ್ನು ಸುಮಾರು 1,350 ಕಿಲೋ ತೂಕಕ್ಕೆ ಸಮನಾದ ಬಲದಿಂದ ಮುಂದಕ್ಕೆ ತಳ್ಳಬಲ್ಲದು. ಆದರೆ ಒಣ ಡಾಂಬರಿನ ಮೇಲೂ ಹಿಂದಿನ ಎರಡು ಟೈರುಗಳು ತಡೆದುಕೊಳ್ಳುವುದು ಸುಮಾರು 770 ಕಿಲೋದಷ್ಟನ್ನು ಮಾತ್ರ, ಅದೂ ಹೊರಡುವಾಗ ಭಾರ ಹಿಂದಕ್ಕೆ ವಾಲುವುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ. ಹಸಿ ಕೆಸರಿನಲ್ಲಿ ಹಿಡಿತ 0.3ಕ್ಕೆ, ಎಂದರೆ ಚಕ್ರದ ಮೇಲಿನ ತೂಕದ ನೂರಕ್ಕೆ 30ರಷ್ಟಕ್ಕೆ ಇಳಿದರೆ ಅದು 250 ಕಿಲೋಗೆ ಕುಸಿಯುತ್ತದೆ. ಅದೇ ಕೆಸರಿನಲ್ಲಿ ನಾಲ್ಕೂ ಚಕ್ರಗಳು ತಳ್ಳಿದರೆ ಸುಮಾರು 570 ಕಿಲೋ ಸಿಗುತ್ತದೆ. ಅಂದರೆ ಮ್ಯಾಪ್ ಬದಲಾಯಿಸುವುದಕ್ಕೆ ಮುಂಚೆಯೇ ನಿಮ್ಮ ಎಂಜಿನ್‌ನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬಲವಿತ್ತು, ಕಡಿಮೆ ಬಿದ್ದದ್ದು ನೆಲಕ್ಕೆ ಒತ್ತುವ ಚಕ್ರಗಳು. ಆ ಹಣವನ್ನು ಟೈರಿಗೆ ಹಾಕಿದ್ದರೆ ಇಂದು ಈ ಪತ್ರವೇ ಬರುತ್ತಿರಲಿಲ್ಲವೇನೊ.

ಅಮೆರಿಕದ ಉದಾಹರಣೆಯ ವಿಷಯಕ್ಕೆ ಬಂದರೆ, ಅಲ್ಲಿ ಈ ಹುಚ್ಚಿಗೆ ಮಾದರಿಯಾಗಿ ನಿಂತದ್ದು 1991ರ ಜಿಎಂಸಿ ಸೈಕ್ಲೋನ್. ಸೊನೋಮಾ ಎಂಬ ಸಾಧಾರಣ ಚಿಕ್ಕ ಪಿಕಪ್‌ಗೆ ಟರ್ಬೊ ಕೂಡಿಸಿದ 4.3 ಲೀಟರ್‌ನ ಆರು ಸಿಲಿಂಡರ್ ಎಂಜಿನ್ ಇಟ್ಟು, 280 ಅಶ್ವಶಕ್ತಿಯನ್ನು ನಾಲ್ಕೂ ಚಕ್ರಗಳಿಗೆ ಹಂಚಿದರು: ನೂರಕ್ಕೆ 35 ಮುಂದಕ್ಕೆ, 65 ಹಿಂದಕ್ಕೆ. ಅಲ್ಲಿನ ಒಂದು ಪತ್ರಿಕೆ ಏರ್ಪಡಿಸಿದ ಕಾಲು ಮೈಲಿಯ ಓಟದಲ್ಲಿ ಅದು ಫೆರಾರಿ 348ನ್ನು ಹಿಂದಿಕ್ಕಿತು. ಅದರ ನಂತರ ಅದೇ ಕುಟುಂಬದ ಹಿಂಚಕ್ರ ಚಾಲನೆಯ ಪಿಕಪ್ ಇದ್ದ ಅನೇಕರು, ಅದೇ ಕಂಪನಿಯ ಬೇರೆ ಗಾಡಿಗಳ ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸ್‌ನಿಂದ ಬರುವ ಬಲವನ್ನು ಮುಂದಿನ ಚಕ್ರಗಳಿಗೂ ಹಂಚುವ ಡಬ್ಬಿ) ಮತ್ತು ಮುಂಭಾಗದ ಭಾಗಗಳನ್ನು ತಂದು ಜೋಡಿಸಿಕೊಂಡರು. ಅವರಿಗೆ ಇದು ಸಾಧ್ಯವಾದದ್ದು ಕೈಚಳಕಕ್ಕಿಂತ ಹೆಚ್ಚಾಗಿ, ಒಂದೇ ಚಾಸಿಸ್ ವಂಶದಲ್ಲಿ ಕಾರ್ಖಾನೆಯೇ ನಾಲ್ಕು ಚಕ್ರದ ಗಾಡಿಗಳನ್ನೂ ಮಾಡಿದ್ದರಿಂದ. ಇನ್ನೊಂದು ಮಾತು: ಸೈಕ್ಲೋನ್‌ನ ಹಿಂದಿನ ಡಬ್ಬಿಯಲ್ಲಿ 500 ಪೌಂಡ್, ಎಂದರೆ ಸುಮಾರು 227 ಕಿಲೋಗಿಂತ ಹೆಚ್ಚು ಹೇರಬಾರದೆಂದು ಕಂಪನಿಯೇ ಎಚ್ಚರಿಸಿತ್ತು. ಐವತ್ತು ಕಿಲೋದ ಉಳ್ಳಾಗಡ್ಡಿ ಚೀಲ ನಾಲ್ಕಕ್ಕೇ ಅದು ತುಂಬಿತು. ನಿಮಗೆ ಬೇಕಾದ ಗಾಡಿ ಅದಲ್ಲ.

ಈಗ ಮುಖ್ಯ ವಿಷಯ. ನಾವು ಸಡಿಲವಾಗಿ ಫೋರ್ ಬೈ ಫೋರ್ ಎನ್ನುವುದರಲ್ಲಿ ಎರಡು ಬೇರೆ ಜಾತಿಗಳಿವೆ. ಮೊದಲನೆಯದು ಬೇಕಾದಾಗ ಮಾತ್ರ ಜೋಡಿಸುವಂಥದ್ದು. ನಿಮ್ಮ ಗಾಡಿಯ ಅಣ್ಣನಾದ, ಅದೇ ಇಸುಝು ಕಂಪನಿಯ ವಿ-ಕ್ರಾಸ್ ಫೋರ್ ಬೈ ಫೋರ್‌ನಲ್ಲಿರುವುದು ಇದೇ. ಗುಂಡಿಯನ್ನು ತಿರುಗಿಸಿದಾಗ ಟ್ರಾನ್ಸ್‌ಫರ್ ಕೇಸ್ ಮುಂದಿನ ಶಾಫ್ಟನ್ನೂ ಹಿಂದಿನ ಶಾಫ್ಟನ್ನೂ ಗಟ್ಟಿಯಾಗಿ ಒಂದಕ್ಕೊಂದು ಕಟ್ಟಿಬಿಡುತ್ತದೆ. ಎರಡನೆಯದು ಸದಾ ನಾಲ್ಕೂ ಚಕ್ರ ಎಳೆಯುವಂಥದ್ದು. ಇದರಲ್ಲಿ ಎರಡು ಶಾಫ್ಟ್‌ಗಳ ನಡುವೆ ಇನ್ನೊಂದು ಡಿಫರೆನ್ಶಿಯಲ್ ಅಥವಾ ಸಿಲಿಕೋನ್ ದ್ರವದಲ್ಲಿ ಮುಳುಗಿದ ತಟ್ಟೆಗಳ ಜೋಡಣೆ ಇದ್ದು, ಮುಂದೆ ಹಿಂದೆ ವೇಗ ಬೇರೆಯಾಗಲು ಅವಕಾಶವಿರುತ್ತದೆ. 2009ರಲ್ಲಿ ನಮ್ಮ ದೇಶಕ್ಕೆ ಬಂದ ಮೊದಲ ತಲೆಮಾರಿನ ಫಾರ್ಚುನರ್ ಫೋರ್ ಬೈ ಫೋರ್ ಈ ಎರಡನೆಯ ಜಾತಿಯದು.

ಆ ಅವಕಾಶ ಏಕೆ ಬೇಕು? ನಿಮ್ಮ ಗಾಡಿಯ ಮುಂದಿನ ಮತ್ತು ಹಿಂದಿನ ಆಕ್ಸೆಲ್‌ಗಳ ನಡುವಿನ ದೂರ 3,095 ಮಿಲಿಮೀಟರ್. ಕಿರಿದಾದ ತಿರುವಿನಲ್ಲಿ ಹಿಂದಿನ ಆಕ್ಸೆಲ್‌ನ ನಡುಭಾಗ ಐದೂವರೆ ಮೀಟರ್ ತ್ರಿಜ್ಯದ ವೃತ್ತದಲ್ಲಿ ಸಾಗಿದರೆ, ಮುಂದಿನ ಆಕ್ಸೆಲ್‌ನ ನಡುಭಾಗ 6.3 ಮೀಟರ್ ತ್ರಿಜ್ಯದಲ್ಲಿ ಸಾಗಬೇಕಾಗುತ್ತದೆ. ಒಂದು ಪೂರ್ತಿ ಸುತ್ತಿಗೆ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಐದು ಮೀಟರ್ ಹೆಚ್ಚು ಓಡಬೇಕು. ಎರಡೂ ಶಾಫ್ಟ್ ಗಟ್ಟಿಯಾಗಿ ಕಟ್ಟಿಕೊಂಡಿದ್ದರೆ ಆ ಐದು ಮೀಟರನ್ನು ಟೈರುಗಳು ಜಾರಿಯೇ ತೀರಿಸಬೇಕು. ಕೆಸರಿನಲ್ಲಿ ಅವು ಸುಲಭವಾಗಿ ಜಾರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲದೆ ಶಾಫ್ಟ್, ಚೈನು, ಗೇರುಗಳು ತಮ್ಮೊಳಗೇ ಹುರಿಗೊಳ್ಳುತ್ತವೆ. ಸ್ಟೀರಿಂಗ್ ಭಾರವಾಗಿ, ಗಾಡಿಯನ್ನು ಯಾರೋ ಹಿಂದಿನಿಂದ ಹಿಡಿದಂತಾಗುತ್ತದೆ. ಹಾಗಾಗಿ ವಿ-ಕ್ರಾಸ್‌ನ ಭಾಗಗಳನ್ನು ತಂದು ಜೋಡಿಸಿಕೊಂಡರೆ ನಿಮ್ಮ ಹೊಲದ ದಾರಿಗೆ ಉಪಯೋಗವಾದೀತೇ ಹೊರತು, ಅರ್ಧ ಒಣಗಿದ ಅರ್ಧ ಒದ್ದೆಯಾದ ಹುಬ್ಬಳ್ಳಿಯ ಸಿಗ್ನಲ್‌ನಲ್ಲಿ ಅದನ್ನು ಜೋಡಿಸಿ ಓಡಿಸುವಂತಿಲ್ಲ. ನೀವು ವಿಡಿಯೊದಲ್ಲಿ ಕಂಡ ಓಟದ ಪಿಕಪ್‌ಗಳದ್ದು ಎರಡನೆಯ ಜಾತಿ. ಈ ವ್ಯತ್ಯಾಸವನ್ನು ಹೇಳದೆ ಕೆಲಸ ಒಪ್ಪಿಕೊಳ್ಳುವವರಿಂದ ದೂರವಿರಿ.

ಇರಲಿ, ಹೊಲದ ದಾರಿಗಾಗಿಯೇ ಮಾಡಿಸುತ್ತೇನೆಂದು ನೀವು ನಿರ್ಧರಿಸಿದಿರಿ ಎಂದುಕೊಳ್ಳೋಣ. ಆಗ ಬೇಕಾಗುವುದು ಒಂದು ಟ್ರಾನ್ಸ್‌ಫರ್ ಕೇಸ್ ಮತ್ತು ಒಂದು ಶಾಫ್ಟ್ ಅಷ್ಟೇ ಅಲ್ಲ. ಗೇರ್‌ಬಾಕ್ಸ್‌ನ ಹಿಂತುದಿಯಿಂದ ಹಿಡಿದು ಮುಂದಿನ ಚಕ್ರದ ಹಬ್‌ವರೆಗೆ ಇರುವ ಸರಪಳಿ ಪೂರ್ತಿ ಬದಲಾಗುತ್ತದೆ. ಹಿಂಚಕ್ರ ಗಾಡಿಯ ಗೇರ್‌ಬಾಕ್ಸ್‌ನ ಹೊರಬರುವ ಶಾಫ್ಟ್ ಮತ್ತು ಅದರ ಮುಚ್ಚಳ ಬೇರೆ ಇರುತ್ತವೆ. ಆದ್ದರಿಂದ ಟ್ರಾನ್ಸ್‌ಫರ್ ಕೇಸನ್ನು ಅದರ ಗೇರ್‌ಬಾಕ್ಸ್ ಸಮೇತ ಒಂದೇ ಗಾಡಿಯಿಂದ ತರುವುದು ಉತ್ತಮ, ಲೇತ್‌ನಲ್ಲಿ ನಡುವಿನ ತಟ್ಟೆ ಮಾಡಿಸಿ ಜೋಡಿಸುವುದು ಕೊನೆಯ ದಾರಿ. ಟ್ರಾನ್ಸ್‌ಫರ್ ಕೇಸ್‌ನಿಂದ ಮುಂದಿನ ಶಾಫ್ಟ್ ಎಡಕ್ಕೆ ಇಳಿಯುತ್ತದೋ ಬಲಕ್ಕೋ, ಮುಂದಿನ ಡಿಫರೆನ್ಶಿಯಲ್‌ನ ಮೂತಿಯೂ ಅದೇ ಬದಿಗಿರಬೇಕು. ಕೇಳಲು ಸಣ್ಣ ಮಾತು. ಆದರೆ ಬೇರೆ ಬೇರೆ ಕಂಪನಿಯ ಭಾಗ ತಂದವರು ಸಿಕ್ಕಿಬೀಳುವುದು ಮೊದಲು ಇಲ್ಲೇ. ಇನ್ನು ಕೆಲವರು ಹಿಂದಿನ ಡಿಫರೆನ್ಶಿಯಲ್ಲನ್ನೇ ತಿರುಗಿಸಿ ಮುಂದೆ ಕೂಡಿಸುತ್ತೇವೆನ್ನುತ್ತಾರೆ. ಚಕ್ರ ಸರಿಯಾದ ದಿಕ್ಕಿಗೇ ತಿರುಗುತ್ತದೆ, ನಿಜ. ಆದರೆ ಎಳೆತವೆಲ್ಲ ಗೇರಿನ ಹಲ್ಲುಗಳ ದುರ್ಬಲ ಬದಿಯ ಮೇಲೆ ಬೀಳುತ್ತದೆ. ಕಾರ್ಖಾನೆಗಳು ಮುಂದಿನ ಆಕ್ಸೆಲ್‌ಗೆಂದೇ ಹಲ್ಲನ್ನು ಉಲ್ಟಾ ಕೊರೆಯುವುದು ಇದೇ ಕಾರಣಕ್ಕೆ.

ನಿಮ್ಮ ಗಾಡಿಯ ಮುಂಭಾಗದಲ್ಲಿ ಎರಡು ವಿಶ್‌ಬೋನ್ ಮತ್ತು ಸುರುಳಿ ಸ್ಪ್ರಿಂಗ್ ಇವೆ. ಅಲ್ಲಿ ಚಕ್ರ ಹಿಡಿಯುವ ನಕಲ್ ಮತ್ತು ಹಬ್‌ಗಳ ನಡುವೆ ಶಾಫ್ಟ್ ತೂರಲು ಹಲ್ಲುಳ್ಳ ರಂಧ್ರ ಬೇಕು. ಹಿಂಚಕ್ರ ಗಾಡಿಯ ಹಬ್‌ನಲ್ಲಿ ಅದಿರುವುದಿಲ್ಲವಾದ್ದರಿಂದ ನಕಲ್, ಹಬ್, ಬೇರಿಂಗ್ ಎಲ್ಲ ಬದಲಾಗಬೇಕು. ಡಿಫರೆನ್ಶಿಯಲ್‌ನ ತೂಕ ಹೊರಲು ಚಾಸಿಸ್‌ನಲ್ಲಿ ಅಡ್ಡ ತೊಲೆ ಮತ್ತು ಹಿಡಿಕೆಗಳು ಬೇಕು. ಅದಕ್ಕಿಂತ ಮುಖ್ಯವಾಗಿ, ಎಂಜಿನ್‌ನ ಆಯಿಲ್ ಚೇಂಬರ್ ಅಡಿಯಲ್ಲಿ ಆ ಡಿಫರೆನ್ಶಿಯಲ್‌ಗೂ ಅದರ ಶಾಫ್ಟ್‌ಗೂ ಜಾಗವಿರಬೇಕು. ಚೇಂಬರ್ ಬೇರೆಯಾದರೆ ಎಣ್ಣೆ ಹೀರುವ ಕೊಳವೆಯೂ ಬೇರೆ. ಹಿಂದಿನ ಶಾಫ್ಟ್ ಗಿಡ್ಡವಾಗುತ್ತದೆ. ಅದನ್ನು ಕತ್ತರಿಸಿ ಬೆಸೆದು ಕೊಡುವ ಲೇತ್ ಅಂಗಡಿಗಳು ಹುಬ್ಬಳ್ಳಿಯಲ್ಲಿ ಬೇಕಾದಷ್ಟಿವೆ, ಆದರೆ ತಿರುಗಿಸಿ ತೂಕ ಸರಿದೂಗಿಸುವ ಯಂತ್ರ ಇರುವ ಕಡೆಯೇ ಮಾಡಿಸಬೇಕು, ಇಲ್ಲವಾದರೆ ಎಂಬತ್ತರ ವೇಗದಲ್ಲಿ ನೆಲವೆಲ್ಲ ನಡುಗಿ ಕೆಲವೇ ತಿಂಗಳಲ್ಲಿ ಕ್ರಾಸ್ (ಶಾಫ್ಟ್ ತುದಿಯ ಕೀಲು) ಮತ್ತು ಬೇರಿಂಗ್ ಹೋಗುತ್ತವೆ. ಶಾಫ್ಟ್‌ನ ಎರಡೂ ತುದಿಗಳ ಕೋನ ಸಮನಾಗಿರಬೇಕೆಂಬ ನಿಯಮವನ್ನು ಇಲ್ಲಿಯೂ ಮರೆಯಬಾರದು.

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಕ್ರೌನ್-ಪಿನಿಯನ್ ಅನುಪಾತ. ಕೆಲವು ವರ್ಷಗಳ ಹಿಂದೆ ಲಕ್ಷ್ಮೇಶ್ವರದ ಕಡೆಯಿಂದ ಹೀಗೆ ಬದಲಾಯಿಸಿದ ಪಿಕಪ್ ಒಂದು ನನ್ನಲ್ಲಿಗೆ ಬಂದಿತ್ತು. ಬೇರೆಲ್ಲೋ ಮಾಡಿಸಿದ ಕೆಲಸ. ಬೆಸುಗೆ ಅಚ್ಚುಕಟ್ಟಾಗಿತ್ತು, ಬಣ್ಣವೂ ಚೆನ್ನಾಗಿತ್ತು. ಕೆಸರಿನಲ್ಲಿ ಒಳ್ಳೆಯದಾಗಿ ಹೋಗುತ್ತದೆ, ರಸ್ತೆಗೆ ಬಂದ ಮೇಲೆ ಲಿವರ್ ಬಿಡಿಸಲು ಬರುವುದಿಲ್ಲ ಎಂಬುದು ಮಾಲೀಕರ ದೂರು. ಎರಡೂ ಡಿಫರೆನ್ಶಿಯಲ್ ಬಿಚ್ಚಿ ಹಲ್ಲು ಎಣಿಸಿದೆ. ಹಿಂದಿನದರಲ್ಲಿ 41ಕ್ಕೆ 11, ಮುಂದಿನದರಲ್ಲಿ 41ಕ್ಕೆ 10. ಶಾಫ್ಟ್ 41 ಸುತ್ತು ತಿರುಗುವಷ್ಟರಲ್ಲಿ ಹಿಂದಿನ ಚಕ್ರ 11 ಸುತ್ತು, ಮುಂದಿನದು ಹತ್ತೇ ಸುತ್ತು. ನೇರ ರಸ್ತೆಯಲ್ಲೂ ಎರಡು ಎತ್ತುಗಳು ಬೇರೆ ಬೇರೆ ಹೆಜ್ಜೆ ಹಾಕಿದಂತೆ ಗಾಡಿ ತನ್ನೊಂದಿಗೆ ತಾನೇ ಜಗ್ಗಾಡುತ್ತಿತ್ತು, ಟ್ರಾನ್ಸ್‌ಫರ್ ಕೇಸ್‌ನ ಚೈನು ಉದ್ದವಾಗಿ ಒಳಗಿನ ಗೋಡೆಯನ್ನೇ ಕೆರೆದಿತ್ತು. ಅವರಿಗೆ ಮತ್ತೆ ಅಷ್ಟೇ ಖರ್ಚಾಯಿತು. ಅನುಪಾತ ಒಂದೇ ಇದ್ದರೂ ಟೈರುಗಳ ಅಳತೆ ಬೇರೆಯಾದರೆ ಇದೇ ಕಥೆ. ಸವೆದ ಎರಡು, ಹೊಸ ಎರಡು ಎಂಬ ಲೆಕ್ಕ ಫೋರ್ ಬೈ ಫೋರ್‌ಗೆ ಸಲ್ಲದು. ಸದಾ ಎಳೆಯುವ ಜಾತಿಯಲ್ಲಂತೂ ದ್ರವದ ಜೋಡಣೆ ಹಗಲೂ ರಾತ್ರಿ ಉಜ್ಜಿಕೊಂಡು ಬಿಸಿಯಾಗಿ ಹಾಳಾಗುತ್ತದೆ.

ಮುಂದಿನ ಭಾಗಗಳು ಹೆಚ್ಚಿದ ಶಕ್ತಿಯನ್ನು ತಡೆಯುತ್ತವೆಯೇ ಎಂದು ನೀವು ಕೇಳದಿದ್ದರೂ ಕೇಳಬೇಕಾಗಿತ್ತು. ಮೊದಲ ಗೇರು, ಟ್ರಾನ್ಸ್‌ಫರ್ ಕೇಸ್‌ನ ನಿಧಾನ ಗೇರಾದ ಲೋ ರೇಂಜು, ಕ್ರೌನ್ ಎಲ್ಲವನ್ನೂ ಗುಣಿಸುತ್ತ ಹೋದರೆ ಕಾಗದದ ಮೇಲೆ ಹದಿನಾಲ್ಕು ಸಾವಿರ ನ್ಯೂಟನ್ ಮೀಟರ್ ದಾಟಿ ಎದೆ ಝಲ್ಲೆನ್ನುತ್ತದೆ. ವಾಸ್ತವದಲ್ಲಿ ಅದಕ್ಕೂ ಮೊದಲೇ ಟೈರು ಜಾರುತ್ತದೆ. ಮುಂದಿನ ಆಕ್ಸೆಲ್ ಮೇಲೆ 1,100 ಕಿಲೋ ಇದ್ದು ಚಕ್ರದ ತ್ರಿಜ್ಯ 37 ಸೆಂಟಿಮೀಟರ್ ಆದರೆ, ಒಳ್ಳೆಯ ಹಿಡಿತದಲ್ಲೂ ಆ ಆಕ್ಸೆಲ್ ಕಾಣುವುದು ಸುಮಾರು 3,200 ನ್ಯೂಟನ್ ಮೀಟರ್. ಟೈರೇ ಇಲ್ಲಿ ಫ್ಯೂಸು. ಶಾಫ್ಟ್ ಮುರಿಯುವುದು ಬಹುತೇಕ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಹಾರಿ ಗಿರಕಿ ಹೊಡೆಯುತ್ತಿದ್ದ ಚಕ್ರ ಹಠಾತ್ತನೆ ಗಟ್ಟಿ ನೆಲ ಕಚ್ಚಿದಾಗ. ಅದು ಚಾಲಕನ ಬಲಗಾಲಿನ ಕೈಯಲ್ಲಿದೆ, ಅಂದರೆ ನಿಮ್ಮ ಕೈಯಲ್ಲಿದೆ. ಗಾಡಿಗೆ ಎಬಿಎಸ್ ಮತ್ತು ಸ್ಥಿರತೆಯ ನಿಯಂತ್ರಣ ಇದ್ದರೆ ಅವುಗಳ ಕಂಪ್ಯೂಟರನ್ನೂ ಮುಂದಿನ ಚಕ್ರದ ಸೆನ್ಸರುಗಳನ್ನೂ ಫೋರ್ ಬೈ ಫೋರ್ ಗಾಡಿಯದಕ್ಕೇ ಬದಲಾಯಿಸಬೇಕಾಗುತ್ತದೆ. ಎರಡೂ ಆಕ್ಸೆಲ್ ಕಟ್ಟಿಕೊಂಡಾಗ ಚಕ್ರಗಳ ವೇಗ ಹೇಗಿರುತ್ತದೆಂದು ಹಳೆಯ ಕಂಪ್ಯೂಟರಿಗೆ ಕಲಿಸಿರುವುದಿಲ್ಲ.

ಕಾನೂನಿನ ಮಾತು ಬೇಸರದ್ದು, ಆದರೂ ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಆಗಬಹುದು. ದಂಡಕ್ಕಿಂತ ದೊಡ್ಡ ಭಯ ವಿಮೆಯದು. ಅಪಘಾತದ ನಂತರ ಸರ್ವೇಯರ್ ಗಾಡಿಯ ಕೆಳಗೆ ಬಾಗಿ, ಪತ್ರದಲ್ಲಿಲ್ಲದ ಡಿಫರೆನ್ಶಿಯಲ್ ಕಂಡರೆ ಕ್ಲೇಮಿನ ಕಥೆ ಅಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಬೋಲ್ಟ್ ಒಂದನ್ನೂ ಬಿಚ್ಚುವ ಮೊದಲು ಗದಗದ ಆರ್‌ಟಿಒ ಕಚೇರಿಗೆ ಲಿಖಿತವಾಗಿ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ. ಬಾಯಿಮಾತಿನ ಒಪ್ಪಿಗೆಗೆ ಬೆಲೆಯಿಲ್ಲ. ಅಪಘಾತಕ್ಕೀಡಾದ ವಿ-ಕ್ರಾಸ್‌ನ ಭಾಗಗಳನ್ನು ಗುಜರಿಯಿಂದ ಕೊಳ್ಳುವುದಾದರೆ, ಆ ಗಾಡಿಯ ಚಾಸಿಸ್ ಸಂಖ್ಯೆ ನಮೂದಿಸಿದ ಬಿಲ್ಲನ್ನೂ ಕೇಳಿ ಪಡೆಯಬೇಕು.

ಎರಿ ಭೂಮಿಯ ವಿಚಾರ ಉಳಿಯಿತು. ರೋಣ, ನರಗುಂದ, ನವಲಗುಂದದ ಎರಿ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುವ ಜಾತಿಯದು. ಮಸಾರಿ, ಎಂದರೆ ಕೆಂಪು ನೆಲದಲ್ಲಿ ಮೇಲಿನ ಎರಡು ಬೆರಳು ಕೆಸರಾದರೂ ಕೆಳಗೆ ಗಟ್ಟಿ ಸಿಗುತ್ತದೆ. ಎರಿಯಲ್ಲಿ ದೊಡ್ಡ ಮಳೆಯ ನಂತರ ಆ ಗಟ್ಟಿ ಬಹಳ ಕೆಳಗಿರುತ್ತದೆ, ಅದಕ್ಕಿಂತ ಮೊದಲೇ ಮಣ್ಣು ಟೈರಿನ ಗೆರೆಗಳಲ್ಲಿ ತುಂಬಿಕೊಂಡು ಚಕ್ರವನ್ನು ನುಣ್ಣನೆಯ ಉಂಡೆ ಮಾಡಿಬಿಡುತ್ತದೆ. ಅಂಥ ನೆಲದಲ್ಲಿ ರಸ್ತೆಯ ಟೈರು ಹಾಕಿದ ಫೋರ್ ಬೈ ಫೋರ್ ಎರಡು ಕುಣಿಯ ಬದಲು ನಾಲ್ಕು ಕುಣಿ ತೋಡುತ್ತದೆ, ಅಷ್ಟೇ ವ್ಯತ್ಯಾಸ. ಟ್ರ್ಯಾಕ್ಟರಿಗೂ ಕೇಜ್ ವ್ಹೀಲ್ (ಕಬ್ಬಿಣದ ಪಟ್ಟಿಗಳ ಚಕ್ರ) ಕಟ್ಟುವ ಊರು ನಿಮ್ಮದು, ನಿಮಗೆ ಇದನ್ನು ನಾನು ಹೇಳಬೇಕಾಗಿಲ್ಲ. ಅಗಲ ಗೆರೆಗಳ ಮಡ್ ಟೈರು, ಕೆಸರಿನ ಹಾದಿಗಿಳಿಯುವಾಗ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿ ರಸ್ತೆಗೆ ಬಂದ ಕೂಡಲೇ ತುಂಬಿಸಿಕೊಳ್ಳುವ ಅಭ್ಯಾಸ, ಹಿಂದಿನ ಆಕ್ಸೆಲ್‌ಗೆ ಎರಡೂ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಒಂದು ಡಿಫರೆನ್ಶಿಯಲ್ ಲಾಕ್: ಈ ಮೂರು ಸೇರಿದರೆ ನಿಮ್ಮ ಹೊಲದ ದಾರಿಯ ಅರ್ಧಕ್ಕಿಂತ ಹೆಚ್ಚು ದಿನಗಳು ಸುಲಭವಾಗುತ್ತವೆಂದು ನನ್ನ ಅಂದಾಜು. ಲಾಕ್ ಕೂಡಿಸುವುದಕ್ಕೂ ಆರ್‌ಟಿಒ ಅನುಮತಿಯ ಮಾತು ಅನ್ವಯಿಸುತ್ತದೆ, ಆದರೆ ಯಂತ್ರದ ದೃಷ್ಟಿಯಿಂದ ಅದು ಒಂದು ಡಬ್ಬಿಯೊಳಗಿನ ಕೆಲಸ, ಇಡೀ ಗಾಡಿಯದಲ್ಲ. ಖಾಲಿ ಡಬ್ಬಿಯಲ್ಲಿ ಹಿಂದಿನ ಆಕ್ಸೆಲ್ ಮೇಲೆ ಸರಿಯಾಗಿ 200 ಕಿಲೋ ಇಟ್ಟರೆ ಕೆಸರಿನಲ್ಲಿ ಗಾಡಿ ಮುನ್ನುಗ್ಗುವ ಸಾಮರ್ಥ್ಯ, ಒಟ್ಟು ತೂಕ ಹೆಚ್ಚಿದ್ದನ್ನೂ ಲೆಕ್ಕ ಹಿಡಿದರೆ, ನೂರಕ್ಕೆ ಹದಿಮೂರರಷ್ಟು ಮಾತ್ರ ಹೆಚ್ಚುತ್ತದೆ. ಮಳೆಯ ಡಾಂಬರಿಗೆ ಅದು ಸಾಕು, ಎರಿಗೆ ಸಾಲದು.

ಇಷ್ಟೆಲ್ಲ ಮಾಡಿಯೂ ಸಾಲದು, ನಾಲ್ಕೂ ಚಕ್ರ ಬೇಕೇ ಬೇಕು ಎಂದಾದರೆ, ನನ್ನ ನೇರ ಅಭಿಪ್ರಾಯ ಇದು: ಹೈ-ಲ್ಯಾಂಡರ್ ಮಾರಿ ಸೆಕೆಂಡ್ ಹ್ಯಾಂಡ್ ವಿ-ಕ್ರಾಸ್ ಫೋರ್ ಬೈ ಫೋರ್ ಕೊಳ್ಳಿ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಡಿಫರೆನ್ಶಿಯಲ್, ನಕಲ್, ಶಾಫ್ಟ್, ಚೇಂಬರ್, ಕಂಪ್ಯೂಟರ್, ಕೂಲಿ ಇವನ್ನೆಲ್ಲ ಕೂಡಿದಾಗ ಬರುವ ಮೊತ್ತ ಎರಡು ಗಾಡಿಗಳ ಬೆಲೆಯ ಅಂತರವನ್ನು ಸಾಮಾನ್ಯವಾಗಿ ಮೀರುತ್ತದೆ. ಕಾಗದಪತ್ರವೂ ಮೊದಲ ದಿನದಿಂದಲೇ ಸರಿಯಾಗಿರುತ್ತದೆ. ಬದಲಾಯಿಸುವ ಕೆಲಸ ನನ್ನ ಹೊಟ್ಟೆಪಾಡಾಗಿದ್ದರೂ ಇದನ್ನು ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ. ಮುಂದಿನ ಸಲ ಗಾಡಿ ಸಿಕ್ಕಿಕೊಂಡಾಗ ಎಕ್ಸಲರೇಟರ್ ಒತ್ತುವುದನ್ನು ನಿಲ್ಲಿಸಿ ಕೆಳಗಿಳಿದು ಹಿಂದಿನ ಎರಡೂ ಚಕ್ರಗಳ ಕೆಳಗೆ ನೋಡಿ. ಕುಣಿ ಒಂದೇ ಚಕ್ರದಡಿ ಬಿದ್ದಿದ್ದು ಇನ್ನೊಂದು ಸುಮ್ಮನೆ ನಿಂತಿದ್ದರೆ ನಿಮಗೆ ಬೇಕಾದದ್ದು ಲಾಕ್. ಎರಡೂ ಕಡೆ ಸಮನಾಗಿ ತೋಡಿದ್ದರೆ ಟೈರಿನ ಗೆರೆಗಳನ್ನು ನೋಡಿ. ಅವು ಮಣ್ಣಿನಿಂದ ತುಂಬಿ ನುಣ್ಣಗಾಗಿದ್ದರೆ ಟೈರು ಬದಲಾಯಿಸಿ. ಗೆರೆಗಳು ಚೊಕ್ಕವಾಗಿದ್ದೂ ಎರಡೂ ಚಕ್ರ ತೋಡಿದ್ದರೆ ಮಾತ್ರ ನಾಲ್ಕು ಚಕ್ರದ ಮಾತಾಡೋಣ. ಆಗ ಆ ಕುಣಿಗಳ ಫೋಟೊ ಮತ್ತು ಗಾಡಿಯ ಚೇಂಬರ್ ಕೆಳಗಿನಿಂದ ತೆಗೆದ ಒಂದು ಫೋಟೊ ಕಳುಹಿಸಿ.